ಪಂದ್ಯದ ದಿನ ಏನು ಮಾತಾಡಬೇಕು? ಏನೂ ಬೇಡ

ಪ್ರಶ್ನೆ: ಎಂ.ಎಸ್ಸಿ. ಸೈಕಾಲಜಿ ಈಗಷ್ಟೇ ಮುಗಿಯಿತು. ಕಾಸರಗೋಡಿನ ಕುಂಬಳೆ ಕಡೆಯ ಕಬಡ್ಡಿ ತಂಡದವರು ಕರೆದಿದ್ದಾರೆ. ಪಂದ್ಯದ ದಿನ ಹುಡುಗರನ್ನು ಹುರಿದುಂಬಿಸಲು ಏನು ಮಾತಾಡಲಿ?

ಉತ್ತರ: ಮತ್ತದೇ ಪ್ರಶ್ನೆ! ಕ್ರೀಡಾ ಮನಶ್ಶಾಸ್ತ್ರಜ್ಞನೆಂದರೆ ಭಾಷಣ ಬಿಗಿಯುವವನು ಎಂಬ ನಂಬಿಕೆ ಎಷ್ಟು ತೊಳೆದರೂ ಹೋಗದ ಗೇರುಸೊನೆಯ ಕಲೆ.

ಹೊನಲು ಬೆಳಕಿನ ಪಂದ್ಯ, ಸುತ್ತ ಇಡೀ ಊರು. ರೈಡರ್‌ನ ಎದೆ ಆಗಲೇ ಹೊಡೆದುಕೊಳ್ಳುತ್ತಿದೆ. ಭಾಷಣದಿಂದ ನೀವು ಅವನನ್ನು ಇನ್ನಷ್ಟು ಬಿಸಿಯೇರಿಸುತ್ತೀರಿ. ಕಷ್ಟದ ಕೆಲಸದಲ್ಲಿ ಪ್ರಚೋದನೆ ಅತಿಯಾದರೆ ಕಲಿಕೆ ಕೆಡುತ್ತದೆಂದು ಮನಶ್ಶಾಸ್ತ್ರಜ್ಞರಾದ ಯರ್ಕಿಸ್ ಮತ್ತು ಡಾಡ್ಸನ್ 1908ರಲ್ಲೇ ಸುಂಡಿಲಿಗಳಲ್ಲಿ ಕಂಡರು. ಆಟಗಾರ ಇಲಿಯಲ್ಲ, ಒಪ್ಪಿದೆ. ಆದರೆ ಅತಿಯಾಗಿ ಬಿಸಿಯೇರಿದವನ ನೋಟ ಕಿರಿದಾಗುತ್ತದೆ: ಬೋನಸ್ ಗೆರೆ ಕಾಣುತ್ತದೆ, ಕಾಲು ಹಿಡಿಯಲು ನುಗ್ಗುವ ಮೂಲೆಯ ಆಟಗಾರ (ಕಾರ್ನರ್) ಕಾಣುವುದಿಲ್ಲ. ಮೇಲಾಗಿ ಏಳು ಮಂದಿಯಲ್ಲಿ ಒಬ್ಬನಿಗೆ ಬಿಸಿ ಬೇಕು, ಇನ್ನೊಬ್ಬನಿಗೆ ಮೌನ. ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಕೊಡುತ್ತೀರಾ?

ಕೆಲಸವಿರುವುದು ಅಭ್ಯಾಸದ ವಾರಗಳಲ್ಲಿ. ರೈಡ್‌ಗೆ ಸಿಗುವುದು 30 ಸೆಕೆಂಡು. ಅಷ್ಟೂ ಹೊತ್ತು 'ಕಬಡ್ಡಿ, ಕಬಡ್ಡಿ' ಎನ್ನಲೇಬೇಕು, ಉಸಿರು ಅದಕ್ಕೇ ಮೀಸಲು. ಹಾಗಾಗಿ ನಡುಗೆರೆ ದಾಟುವ ಮೊದಲೇ ಒಂದು ದೀರ್ಘ ನಿಶ್ವಾಸ, ಗೆರೆಯ ಮೇಲೊಂದು ನೋಟ, ತನಗೆ ತಾನೇ ಹೇಳಿಕೊಳ್ಳುವ ಒಂದು ಸೂಚನಾ ಪದ. ಇದನ್ನು ದಣಿದಾಗಲೂ, ಗಲಾಟೆಯ ನಡುವೆಯೂ ಮಾಡಿಸಿ. ಆರಾಮವಾಗಿ ಕುಳಿತು ಮಾತ್ರ ಕಲಿತದ್ದು ಅಂಕಣದಲ್ಲಿ ಕೈಕೊಡುತ್ತದೆ.

ತಂಡ ಸೇರುವ ದಿನವೇ ಹುಡುಗರು ನಿಮ್ಮಲ್ಲಿ ಹೇಳಿಕೊಂಡದ್ದರಲ್ಲಿ ಯಾರಿಗೆ ಏನು ತಿಳಿಸುವಿರೆಂದು ಬರೆದುಕೊಡಿ. ಇಲ್ಲದಿದ್ದರೆ ಕಾರ್ಯದರ್ಶಿ ಬಂದು "ಇವನನ್ನು ಆಡಿಸಬಹುದಾ?" ಎಂದು ನಿಮ್ಮನ್ನೇ ಕೇಳುತ್ತಾರೆ. ಪ್ರತಿ ಭೇಟಿಯ ನಂತರ ಕೇಳಿದ್ದು, ಹೇಳಿದ್ದು, ತಡವರಿಸಿದ್ದು ಬರೆದಿಟ್ಟು ಹಿರಿಯ ಮಾರ್ಗದರ್ಶಕರಿಗೆ ತೋರಿಸಿ. ಗೆದ್ದ ಪಂದ್ಯದ ಟಿಪ್ಪಣಿಗಿಂತ ತಡವರಿಸಿದ್ದೇ ಹೆಚ್ಚು ಕಲಿಸುತ್ತದೆ. ಖಿನ್ನತೆಯ ಲಕ್ಷಣ ಕಂಡರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿಯಿರುವ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಕಳಿಸಿ. ಅದು ನಿಮ್ಮ ಅಂಕಣವಲ್ಲ.

ನೀವು ಕೇಳದಿದ್ದರೂ ಹೇಳುತ್ತೇನೆ: ಯಾವ ಭಾಷೆಯಲ್ಲಿ? ಕಾಸರಗೋಡಿನ ಒಂದೇ ತಂಡದಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ ಎಲ್ಲವೂ ಇರಬಹುದು. ಸೂಚನಾ ಪದ ಹುಡುಗನದೇ ಆಗಿರಲಿ. ನಿಮ್ಮ 'ಏಕಾಗ್ರತೆ'ಗಿಂತ ಅವನ 'ಮೆಲ್ಲ' ಬೇಗ ಕೆಲಸ ಮಾಡುತ್ತದೆ. ಪ್ರಶ್ನಾವಳಿಯ ಅನುವಾದ ಇನ್ನೂ ಅಪಾಯ. ಸ್ಪರ್ಧೆಯ ಆತಂಕ ಅಳೆಯುವ ಸಿಎಸ್‌ಎಐ-2ರಲ್ಲಿ 27 ಹೇಳಿಕೆಗಳಿವೆ. ಅದರ 'ಕನ್ಸರ್ನ್ಡ್' ಎಂಬ ಪದವನ್ನು 'ಕಾಳಜಿ' ಎಂದಿರೋ, ಆಟವನ್ನು ಪ್ರೀತಿಸುವ ಹುಡುಗನೇ ಆತಂಕದವನ ಲೆಕ್ಕಕ್ಕೆ ಬೀಳುತ್ತಾನೆ. 'ಚಿಂತೆ' ಎಂದರೆ ಅಳತೆಯೇ ಬೇರೆ.