ಗೋಡೆ ಕಲಸಿದ ಪಾಠ

ಉಕ್ತಲೇಖನದಲ್ಲಿ ಮೇಷ್ಟ್ರು ‘ಹಾಲು’ ಎಂದರು, ಹಿಂದಿನ ಬೆಂಚಿನ ಹುಡುಗಿ ‘ಕಾಲು’ ಎಂದು ಬರೆದಳು. ನಾವು ಮಗುವಿನ ಗಮನವನ್ನು ಅನುಮಾನಿಸುತ್ತೇವೆ, ಗೋಡೆಯನ್ನಲ್ಲ. ತರಗತಿಗೆ ಸದ್ದು ಹೀರುತ್ತದೆ, ರೋಗಾಣು ಕೊಲ್ಲುತ್ತದೆ ಎನ್ನುವ ‘ವಿಶೇಷ’ ಬಣ್ಣಗಳನ್ನು ಬಳಿಸಬೇಕೇ ಎಂದು ಕೇಳುವ ಮುನ್ನ, ಆ ಗೋಡೆ ಮಾಡುವುದೇನೆಂದು ನೋಡೋಣ.

ಸ್ವರಗಳು ಗಟ್ಟಿ, ವ್ಯಂಜನಗಳು ಕ್ಷೀಣ. ಬಣ್ಣ ಬಳಿದ ಗಾರೆ ಗೋಡೆ ತನಗೆ ತಾಗಿದ ಸದ್ದಿನಲ್ಲಿ ನೂರಕ್ಕೆ ಎರಡು-ಮೂರು ಪಾಲನ್ನಷ್ಟೇ ಹೀರಿ ಮಿಕ್ಕದ್ದನ್ನು ಹಿಂದಕ್ಕೆ ಕಳಿಸುತ್ತದೆ. ಹಿಂದಿನ ಪದದ ‘ಆ’ ಕೋಣೆಯಲ್ಲಿ ಇನ್ನೂ ಸುತ್ತುತ್ತಿರುವಾಗಲೇ ಮುಂದಿನ ಪದದ ‘ಹ’ ಬಂದು ಅದರಡಿ ಹೂತುಹೋಗುತ್ತದೆ. ಸಾಮಾನು ಇಳಿಸುವ ಮೊದಲು ಹೊಸ ಮನೆಯಲ್ಲಿ ಮಾತಾಡಿ ನೋಡಿ, ಗೊತ್ತಾಗುತ್ತದೆ. ದೊಡ್ಡವರು ಕೇಳದ ಅಕ್ಷರವನ್ನು ಸಂದರ್ಭದಿಂದ ತುಂಬಿಕೊಳ್ಳುತ್ತಾರೆ. ಆ ಪದವನ್ನೇ ಈಗ ಕಲಿಯುತ್ತಿರುವ ಮಗು ಏನು ಮಾಡಬೇಕು?

1895ರಲ್ಲಿ ಹಾರ್ವರ್ಡ್‌ನ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಇದೇ ತೊಂದರೆ. ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಉಳಿಯುತ್ತಿತ್ತು. ವ್ಯಾಲೇಸ್ ಸಬೈನ್ ಎಂಬ ತರುಣ ಭೌತವಿಜ್ಞಾನಿ ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊರಿಸಿ ತಂದು, ಆರ್ಗನ್ ವಾದ್ಯದ ಕೊಳವೆ ಊದಿ, ಸದ್ದು ಅಡಗುವ ಹೊತ್ತನ್ನು ಅಳೆದ. ಅವನು ಆರಿಸಿಕೊಂಡ ಅಳತೆಗೋಲು ನನಗೆ ಬಹಳ ಪ್ರಿಯ: ತೆರೆದ ಕಿಟಕಿ! ಅದಕ್ಕೆ ತಾಗಿದ ಸದ್ದು ಮರಳುವುದೇ ಇಲ್ಲ.

ಆ ಲೆಕ್ಕವನ್ನು ನಮ್ಮ ತರಗತಿಯ ಕೋಣೆಗೆ ಹಾಕೋಣ. ಆರು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಎತ್ತರ. ಅಮೆರಿಕದ ತರಗತಿ ಮಾನಕ ಹೇಳುವಂತೆ ಸದ್ದು 0.6 ಸೆಕೆಂಡಿನಲ್ಲಿ ಅಡಗಬೇಕಾದರೆ ಸುಮಾರು 29 ಚದರ ಮೀಟರ್ ತೆರೆದ ಕಿಟಕಿಯಷ್ಟು ಹೀರಿಕೆ ಬೇಕು. ಬರಿಯ ಕೋಣೆಯಲ್ಲಿರುವುದು ನಾಲ್ಕೋ ಐದೋ. ಮಕ್ಕಳ ಮೈಬಟ್ಟೆ ಒಂದಿಷ್ಟು ಹೀರುತ್ತದೆ, ಸಾಲದು. ಕಿಟಕಿಯನ್ನೇ ತೆಗೆದಿಟ್ಟರೆ ರಸ್ತೆಯ ಗದ್ದಲ ಒಳಗೆ.

ಸದ್ದು ಹೀರುವುದು ಎಂದರೆ ಗಾಳಿಯ ಕಂಪನ ಕಿರಿದಾದ ರಂಧ್ರಗಳಲ್ಲಿ ಉಜ್ಜಿ ಉಜ್ಜಿ ಬಿಸಿಯಾಗಿ ಕರಗುವುದು, ಸಂತೆಯ ಇಕ್ಕಟ್ಟಿನಲ್ಲಿ ಓಟಗಾರ ಸುಸ್ತಾದಂತೆ. ಅದಕ್ಕೆ ರಂಧ್ರ ಬೇಕು, ದಪ್ಪ ಬೇಕು. ಕೂದಲೆಳೆಯಷ್ಟು ತೆಳುವಾದ ‘ವಿಶೇಷ’ ಬಣ್ಣಕ್ಕೆ ಎರಡೂ ಇಲ್ಲ. ರೋಗಾಣು ಕೊಲ್ಲುವ ಬಣ್ಣಕ್ಕೂ ನಾನು ದುಡ್ಡು ಕೊಡಲಾರೆ. ನೆಗಡಿ ಹರಡುವುದು ಉಸಿರಿನಿಂದ, ಕೈಯಿಂದ.

ದುಡ್ಡು ಹೋಗಬೇಕಾದದ್ದು ಚಾವಣಿಗೆ. 36 ಚದರ ಮೀಟರ್ ಚಾವಣಿಯ ಬಹುಪಾಲಿಗೆ ಒಳ್ಳೆಯ ನಾರಿನ ಹಲಗೆ ಕೂರಿಸಿದರೆ ಲೆಕ್ಕ ಹೆಚ್ಚುಕಡಿಮೆ ಕೂಡಿಬರುತ್ತದೆ. ಒಂದು ಎಚ್ಚರಿಕೆ: ಮುಂದಿನ ಸುಣ್ಣಬಣ್ಣದ ಹೊತ್ತಿಗೆ ಪೇಂಟರ್ ಆ ಹಲಗೆಗಳ ಮೇಲೂ ಕುಂಚ ಆಡಿಸದಂತೆ ನೋಡಿಕೊಳ್ಳಿ. ಬಣ್ಣ ರಂಧ್ರಕ್ಕೆ ಇಳಿದರೆ ಸಬೈನ್‌ನ ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತವೆ.