ಗಡಿ ಇಷ್ಟು ಹತ್ತಿರ ಇದ್ದರೂ ಸೋಲ್ ಜನಕ್ಕೆ ಭಯ ಆಗಲ್ವಾ?

ಪ್ರಶ್ನೆ: ಉತ್ತರ ಕೊರಿಯಾ ಕ್ಷಿಪಣಿ ಹಾರಿಸಿತು ಅಂತ ಆಗಾಗ ಸುದ್ದಿ ಬರುತ್ತಲೇ ಇರುತ್ತದೆ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ಗಡಿಯಿಂದ 40-50 ಕಿ.ಮೀ. ದೂರದಲ್ಲಷ್ಟೇ ಇದೆಯಂತೆ. ಅಲ್ಲಿನ ಜನ ಆಫೀಸು, ಕಾಲೇಜು ಅಂತ ಹೇಗೆ ಮಾಮೂಲಾಗಿ ಓಡಾಡಿಕೊಂಡಿರುತ್ತಾರೆ? ಭಯ ಆಗಲ್ವಾ?

ಉತ್ತರ: "ಅವರಿಗೆ ಅಭ್ಯಾಸ ಆಗಿಬಿಟ್ಟಿದೆ" ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ, ಆದರೆ ಅದು ಅರ್ಧ ಉತ್ತರ. ನನಗೆ ಕಾಣುವುದೇನೆಂದರೆ, ಸೋಲ್‌ನ ಜನ ಭಯಪಡುವ ಕೆಲಸವನ್ನು ಊರಿಗೇ ಒಪ್ಪಿಸಿದ್ದಾರೆ. ಅಲ್ಲಿನ ರಸ್ತೆ, ಸುರಂಗ, ಗುರುತಿನ ಚೀಟಿ, ಮೊಬೈಲಿನ ಮ್ಯಾಪು ಎಲ್ಲದರಲ್ಲೂ ಯುದ್ಧದ ಲೆಕ್ಕಾಚಾರ ಸೇರಿಕೊಂಡಿದೆ. ಹಾಗಾಗಿ ಬೆಳಿಗ್ಗೆ ಎದ್ದವರು ಅದನ್ನೇ ಯೋಚಿಸುತ್ತಾ ಕೂರಬೇಕಿಲ್ಲ.

ಮೊದಲು ಅಪಾಯ ಎಂಥದ್ದು ನೋಡೋಣ. ಸುದ್ದಿಯಾಗುವುದು ದೂರ ಹಾರುವ ಕ್ಷಿಪಣಿಗಳು. ಸೋಲ್‌ಗೆ ಅದಕ್ಕಿಂತ ಹತ್ತಿರದ ಆತಂಕ ಹಳೇ ಕಾಲದ ಫಿರಂಗಿಗಳದ್ದು. ಗಡಿಯ ಆಚೆ, ಬೆಟ್ಟಗಳ ಒಳಗೆ ಉತ್ತರ ಕೊರಿಯಾ 170 ಮಿ.ಮೀ. ಫಿರಂಗಿಗಳನ್ನೂ 240 ಮಿ.ಮೀ. ರಾಕೆಟ್ ಲಾಂಚರ್‌ಗಳನ್ನೂ ಅಡಗಿಸಿಟ್ಟಿದೆ. ಅವು ಹೊರಗೆ ಬಂದು ಗುಂಡು ಹಾರಿಸಿ ಮತ್ತೆ ಒಳಗೆ ಹೋಗಬಲ್ಲವು. ಒಂದೆರಡು ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದು ಬೀಳಿಸಬಹುದು. ಒಟ್ಟಿಗೆ ನೂರಾರು ಗುಂಡು ಬಂದರೆ ತಡೆಯುವುದು ಬಹಳ ಕಷ್ಟ. ಸೋಲ್ ಮತ್ತು ಸುತ್ತಮುತ್ತ ಸುಮಾರು 2.6 ಕೋಟಿ ಜನ ಇದ್ದಾರೆ, ಅಂದರೆ ಆ ದೇಶದ ಅರ್ಧದಷ್ಟು ಜನ.

ಇನ್ನೊಂದು ಮಾತು. ಅಲ್ಲಿ ಯುದ್ಧ ಕಾಗದದ ಮೇಲೆ ಇನ್ನೂ ಮುಗಿದಿಲ್ಲ. 1950ರ ಜೂನ್ 25ರಂದು ಶುರುವಾದ ಯುದ್ಧ 1953ರ ಜುಲೈ 27ರಂದು ಕದನ ವಿರಾಮದಲ್ಲಿ ನಿಂತಿತು. ಶಾಂತಿ ಒಪ್ಪಂದ ಆಗಲೇ ಇಲ್ಲ. ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ ಸಾವಿರಾರು ಯುದ್ಧ ಕೈದಿಗಳ ವಿಷಯ ಆಗ ದೊಡ್ಡ ತಲೆನೋವಾಗಿತ್ತು. ಅದನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯ. ಎರಡೂ ಕಡೆಯವರ ಬೈಗುಳ ಕೇಳಿಕೊಂಡು ಮಾಡಬೇಕಾಗಿದ್ದ ಕೆಲಸ ಅದು. ನಮ್ಮಲ್ಲಿ ಈ ಕಥೆ ಇನ್ನೂ ಜಾಸ್ತಿ ಜನರಿಗೆ ಗೊತ್ತಾಗಬೇಕು.

ಸೋಲ್ ಇವತ್ತು ಹೀಗಿರುವುದಕ್ಕೆ 1968ರ ಜನವರಿ 21ರ ರಾತ್ರಿ ಒಂದು ದೊಡ್ಡ ಕಾರಣ. ಉತ್ತರ ಕೊರಿಯಾದ 31 ಕಮಾಂಡೊಗಳು ದಕ್ಷಿಣದ ಅಧ್ಯಕ್ಷರನ್ನು ಕೊಲ್ಲಲು ಬೆಟ್ಟ ಹತ್ತಿಳಿದು ಅವರ ನಿವಾಸದ ಹತ್ತಿರದವರೆಗೂ ಬಂದುಬಿಟ್ಟಿದ್ದರು. ಗುಂಡೇಟು ತಿಂದ ಒಂದು ಪೈನ್ ಮರ ಈಗಲೂ ಬುಗಾಕ್ ಬೆಟ್ಟದ ಮೇಲಿದೆ. ಅದೇ ವರ್ಷ ಪ್ರಜೆಗಳಿಗೆಲ್ಲ ನಿವಾಸಿ ಸಂಖ್ಯೆ, ಗುರುತಿನ ಚೀಟಿ ಬಂತು. ಗೂಢಚಾರ ಯಾರು, ಊರವರು ಯಾರು ಅಂತ ಗೊತ್ತಾಗಲಿ ಅಂತ. ಬ್ಯಾಂಕು, ಆಸ್ಪತ್ರೆ ಅಂತ ಎಲ್ಲೇ ಹೋದರೂ ಇವತ್ತು ಬೇಕಾಗುವ ಸಂಖ್ಯೆ ಹುಟ್ಟಿದ್ದು ಹೀಗೆ. ನಗರದ ನಡುವಿನ ನಾಮ್‌ಸಾನ್ ಬೆಟ್ಟದ ಮೊದಲ ಎರಡು ಸುರಂಗಗಳು 1970ರಲ್ಲಿ ಮುಗಿದವು. ಯುದ್ಧ ಬಂದರೆ ಜನ ಅಡಗಲಿ ಅನ್ನುವ ಉದ್ದೇಶವೂ ಅವಕ್ಕಿತ್ತು. ಈಗ ಅಲ್ಲಿ ಕಾರುಗಳು ಓಡಾಡುತ್ತವೆ.

ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ದೋಬೊಂಗ್‌ನ ಒಂದು ಕಟ್ಟಡ. 1950ರಲ್ಲಿ ಉತ್ತರದ ಟ್ಯಾಂಕುಗಳು ಬಂದ ದಾರಿಯಲ್ಲೇ, ನಗರದ ಉತ್ತರದ ಬಾಗಿಲಿನಂಥ ಜಾಗದಲ್ಲಿ, 1970ರಲ್ಲಿ ಅದನ್ನು ಕಟ್ಟಿದರು. ನೆಲಮಹಡಿಯಲ್ಲಿ ದಪ್ಪ ಕಾಂಕ್ರೀಟಿನ ಬಂಕರ್, ಟ್ಯಾಂಕುಗಳನ್ನು ತಡೆಯಲು. ಅದರ ಮೇಲಿನ ಮಹಡಿಗಳಲ್ಲಿ ಮನೆಗಳು. ಮೇಲೆ ಅಡುಗೆ, ಮಕ್ಕಳ ಓದು, ಬಟ್ಟೆ ಒಣಗಿಸುವುದು. ಕೆಳಗೆ ಯುದ್ಧಕ್ಕೆ ಕಾದು ಕೂತ ಗೋಡೆ. ಮನೆಗಳು ಹಳತಾದವು ಅಂತ 2004ರಲ್ಲಿ ಮೇಲಿನ ಭಾಗ ಕೆಡವಿದರು. ಉಳಿದ ಬಂಕರ್ 2017ರಿಂದ ಕಲಾವಿದರ ತಾಣ.

ಇನ್ನು ಮೊಬೈಲಿಗೆ ಬನ್ನಿ. ಕೊರಿಯಾಕ್ಕೆ ಹೋದ ಪ್ರವಾಸಿಗರಿಗೆ ಗೂಗಲ್ ಮ್ಯಾಪ್ ನಡೆಯುವ ದಾರಿಯನ್ನು ಸರಿಯಾಗಿ ತೋರಿಸುತ್ತಿರಲಿಲ್ಲ. ವಿವರವಾದ ನಕ್ಷೆಯ ಮಾಹಿತಿ ದೇಶದ ಹೊರಗೆ ಹೋದರೆ ಅಪಾಯ ಅಂತ ಸರ್ಕಾರ 2007ರಲ್ಲೂ 2016ರಲ್ಲೂ ಕೊಡಲು ಒಪ್ಪಲಿಲ್ಲ. ಅಲ್ಲಿಯವರು ಬಳಸುವುದು ನೇವರ್, ಕಾಕಾವೊ ಮ್ಯಾಪ್. ಅವುಗಳಲ್ಲಿ ಸೇನಾ ನೆಲೆ ಇರುವ ಕಡೆ ಬರೀ ಹಸಿರು ಕಾಣುತ್ತದೆ.

ಗಂಡುಮಕ್ಕಳು ಸೇನೆಗೆ ಹೋಗಲೇಬೇಕು. ಭೂಸೇನೆಯಲ್ಲಾದರೆ 18 ತಿಂಗಳು. ಜಗತ್ಪ್ರಸಿದ್ಧ ಪಾಪ್ ತಂಡ ಬಿಟಿಎಸ್‌ನ ಹುಡುಗರೂ ಹೋಗಿಬಂದರು. 2020ರಿಂದ ಸೈನಿಕರು ಕೆಲಸ ಮುಗಿದ ಮೇಲೆ ಫೋನ್ ಬಳಸಬಹುದು. ಆದರೆ ಕ್ಯಾಮೆರಾ ಬಂದ್ ಮಾಡುವ ಒಂದು ಆ್ಯಪ್ ಅದರಲ್ಲಿ ಇರಲೇಬೇಕು. ಇಪ್ಪತ್ತರ ಹರೆಯದ ಹುಡುಗ ಅಮ್ಮನಿಗೆ ತನ್ನ ಕೋಣೆಯ ಫೋಟೊ ಕಳಿಸುವ ಹಾಗಿಲ್ಲ.

ಹಾಗಾದರೆ ಭಯವೇ ಇಲ್ವಾ? ಇದೆ. 2023ರ ಮೇ 31ರ ಬೆಳಿಗ್ಗೆ ಅದು ಹೊರಗೆ ಬಂತು. ಉತ್ತರ ಕೊರಿಯಾ ಬೇಹುಗಾರಿಕೆ ಉಪಗ್ರಹ ಹೊತ್ತ ರಾಕೆಟ್ ಹಾರಿಸಿತ್ತು. ಸೋಲ್‌ನಲ್ಲಿ ಸೈರನ್ ಕೂಗಿತು. 6:41ಕ್ಕೆ ಎಲ್ಲರ ಫೋನೂ ಒಟ್ಟಿಗೆ ಕಿರುಚಿತು: ಜಾಗ ಖಾಲಿ ಮಾಡಲು ಸಿದ್ಧರಾಗಿ, ಮಕ್ಕಳನ್ನೂ ವಯಸ್ಸಾದವರನ್ನೂ ಮೊದಲು ಕಳಿಸಿ ಅಂತ. ಯಾಕೆ ಅಂತ ಬರೆದಿರಲಿಲ್ಲ, ಎಲ್ಲಿಗೆ ಅಂತಲೂ ಇಲ್ಲ. ಏನಾಯಿತು ಅಂತ ಹುಡುಕಲು ಜನ ಒಮ್ಮೆಲೇ ನೇವರ್ ತೆರೆದರು, ಅದೂ ಸ್ವಲ್ಪ ಹೊತ್ತು ಕೈಕೊಟ್ಟಿತು. ಸುಮಾರು 20 ನಿಮಿಷದ ಮೇಲೆ, ಆ ಸಂದೇಶ ತಪ್ಪಾಗಿ ಹೋಗಿದೆ ಅಂತ ಗೃಹ ಸಚಿವಾಲಯ ತಿಳಿಸಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳನ್ನು ಎಬ್ಬಿಸಿ ಬಟ್ಟೆ ಹಾಕಿದ್ದರೋ! ಮೂರು ತಿಂಗಳೊಳಗೆ, ಆಗಸ್ಟ್‌ನಲ್ಲಿ, 6 ವರ್ಷದಿಂದ ನಿಂತುಹೋಗಿದ್ದ ದೇಶವ್ಯಾಪಿ ನಾಗರಿಕ ರಕ್ಷಣಾ ಕವಾಯತು ಮತ್ತೆ ನಡೆಯಿತು.

ಗಡಿಗೆ ಇನ್ನೂ ಹತ್ತಿರ ಇರುವವರ ಬದುಕೇ ಬೇರೆ, ಅವರನ್ನು ಮರೆತು ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಯೊನ್‌ಪ್ಯೊಂಗ್ ದ್ವೀಪದ ಮೇಲೆ 2010ರ ನವೆಂಬರ್ 23ರಂದು ನಿಜವಾಗಿಯೂ ಫಿರಂಗಿ ಗುಂಡು ಬಿದ್ದು ನಾಲ್ವರು ಸತ್ತರು. 2024ರಲ್ಲಿ ಉತ್ತರದವರು ಕಸ ತುಂಬಿದ ಬಲೂನು ತೇಲಿಬಿಟ್ಟರು. ದಕ್ಷಿಣದವರು ಗಡಿಯಲ್ಲಿ ಪ್ರಚಾರದ ಧ್ವನಿವರ್ಧಕ ಹಚ್ಚಿದರು. ಅದಕ್ಕೆ ಉತ್ತರವಾಗಿ ಆ ಕಡೆಯಿಂದ ಲೋಹ ಉಜ್ಜಿದಂಥ, ಪ್ರಾಣಿ ಅರಚಿದಂಥ ಸದ್ದು ರಾತ್ರಿಯೆಲ್ಲಾ ಬರತೊಡಗಿತು. ಗಾಂಗ್‌ಹ್ವಾ ದ್ವೀಪದ ಹಳ್ಳಿಗಳಲ್ಲಿ ಜನ ತಿಂಗಳುಗಟ್ಟಲೆ ನಿದ್ದೆಗೆಟ್ಟರು. 2025ರ ಜೂನ್‌ನಲ್ಲಿ ಸೋಲ್‌ನ ಹೊಸ ಸರ್ಕಾರ ಧ್ವನಿವರ್ಧಕ ನಿಲ್ಲಿಸಿತು, ಮರುದಿನವೇ ಆಚೆಯ ಸದ್ದೂ ನಿಂತಿತು. ಒಂದು ದಿನದಲ್ಲಿ ನಿಲ್ಲುವಂಥದ್ದನ್ನು ಹಳ್ಳಿಯವರು ಸುಮಾರು ಒಂದು ವರ್ಷ ಸಹಿಸಬೇಕಾಯಿತು ಅನ್ನುವುದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ನಿಮ್ಮ ಮನೆಯವರು ಯಾರಾದರೂ ಓದಲು ಅಥವಾ ಕೆಲಸಕ್ಕೆ ಅಲ್ಲಿಗೆ ಹೋಗುತ್ತಿದ್ದರೆ ಗಾಬರಿ ಬೇಡ, ತಯಾರಿ ಸಾಕು. ಮೆಟ್ರೊ ನಿಲ್ದಾಣಗಳು, ದೊಡ್ಡ ಕಟ್ಟಡಗಳ ನೆಲಮಾಳಿಗೆಗಳು ಆಶ್ರಯ ತಾಣಗಳಾಗಿರುತ್ತವೆ, ಬಾಗಿಲಲ್ಲಿ ಫಲಕ ಇರುತ್ತದೆ. ನಿಲ್ದಾಣಗಳಲ್ಲಿ ಗಾಜಿನ ಬೀರುವಿನೊಳಗೆ ಮುಖಕ್ಕೆ ಹಾಕುವ ಮಾಸ್ಕ್ ಇಟ್ಟಿರುತ್ತಾರೆ. ಎಚ್ಚರಿಕೆಯ ಸಂದೇಶಗಳು ಹೆಚ್ಚಾಗಿ ಕೊರಿಯನ್ ಭಾಷೆಯಲ್ಲಿ ಬರುತ್ತವೆ. ಅದಕ್ಕೇ ಸರ್ಕಾರದ 'ಎಮರ್ಜೆನ್ಸಿ ರೆಡಿ' ಆ್ಯಪ್ ಹಾಕಿಕೊಳ್ಳಲಿ, ಅದರಲ್ಲಿ ಇಂಗ್ಲಿಷ್ ಇದೆ. ಬೆಂಕಿ, ಆಂಬುಲೆನ್ಸ್‌ಗೆ 119, ಪೊಲೀಸರಿಗೆ 112. ರೂಮಿಗೆ ಹತ್ತಿರದ ಆಶ್ರಯ ತಾಣ ಯಾವುದು ಅಂತ ಮೊದಲ ವಾರವೇ ಒಮ್ಮೆ ನಡೆದು ಹೋಗಿ ನೋಡಿಕೊಂಡು ಬರಲಿ.