ಮೊಟ್ಟೆ ತಾನೇ ಎನ್ನುವವರಿಗೆ

ಮೆಕ್ಕೆಜೋಳ ಹೇರಳವಾಗಿ ಬೆಳೆಯುವ ದಾವಣಗೆರೆ ಸೀಮೆಯಲ್ಲಿ ಕೋಳಿ ಸಾಕುವವರಿಗೆ ಕಾವಿನ ಪಾಠವನ್ನು ನಾನು ಹೇಳಬೇಕಾಗಿಲ್ಲ. ಆದರೆ ವಿದೇಶದಿಂದ ಮರಿ ಮಾಡಿಸುವ ಮೊಟ್ಟೆ ತರಿಸುವ ಮಾತು ಬಂದೊಡನೆ, ವ್ಯವಹಾರದಲ್ಲಿ ಎಷ್ಟೇ ಚುರುಕಾದವರೂ ‘ಮೊಟ್ಟೆ ತಾನೇ ಡಾಕ್ಟ್ರೇ, ಕೋಳಿಯೇನಲ್ಲವಲ್ಲ’ ಎಂದುಬಿಡುತ್ತಾರೆ.

ಜಗಳೂರು ಕಡೆಯ ತರುಣನೊಬ್ಬ, ದುಬೈನಿಂದ ರಜೆಗೆ ಬಂದ ಭಾವ ಲುಂಗಿಯಲ್ಲಿ ಸುತ್ತಿ ತಂದಿದ್ದ ಹನ್ನೆರಡು ಬ್ರಹ್ಮ ತಳಿಯ ಮೊಟ್ಟೆಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು, ಆರೋಗ್ಯ ಪ್ರಮಾಣಪತ್ರ ಬರೆದುಕೊಡಿ ಎಂದು ಕೇಳಿದ. ಒಂದರ ಚಿಪ್ಪಿನಲ್ಲೂ ಕೂದಲೆಳೆಯ ಬಿರುಕಿರಲಿಲ್ಲ. ಆದರೂ ಬರೆಯಲು ಸಾಧ್ಯವಿರಲಿಲ್ಲ, ಏಕೆಂದರೆ ಆ ಪತ್ರದಲ್ಲಿ ವಿಚಾರಣೆಯಾಗುವುದು ಮೊಟ್ಟೆಯನ್ನಿಟ್ಟ ಹಿಂಡಿನದು.

ಇದನ್ನು ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಪುಲ್ಲೋರಂ ಎಂಬ ಬಿಳಿಭೇದಿಯ ರೋಗಾಣು ಹೇಂಟೆಯ ಅಂಡಾಶಯದಲ್ಲಿ ನೆಲೆಸಿ, ಭಂಡಾರದೊಂದಿಗೇ, ಅಂದರೆ ಹಳದಿ ಭಾಗದೊಂದಿಗೇ, ಮೊಟ್ಟೆಯೊಳಗೆ ಸೇರುತ್ತದೆ. ಕೋಳಿಗೆ ಉಸಿರಾಟದ ರೋಗ ತರುವ ಮೈಕೋಪ್ಲಾಸ್ಮಾ ಎಂಬ ರೋಗಾಣು ಕೂಡ ತಾಯಿಯಿಂದ ಮರಿಗೆ ಇದೇ ದಾರಿಯಲ್ಲಿ ಬರಬಲ್ಲದು. ಅಂಥ ಮೊಟ್ಟೆಯನ್ನು ತೊಳೆದರೂ, ಬೆಳಕಿಗೆ ಹಿಡಿದರೂ ಏನೂ ತಿಳಿಯದು. ತಿಳಿಯುವುದು ತಾಯಿಯ ರಕ್ತದಲ್ಲಿ: ಬಿಳಿ ಬಿಲ್ಲೆಯ ಮೇಲೆ ಒಂದು ಹನಿ ರಕ್ತಕ್ಕೆ ಒಂದು ಹನಿ ನೇರಳೆ ಆಂಟಿಜೆನ್ (ಸತ್ತ ರೋಗಾಣುಗಳಿರುವ ಪರೀಕ್ಷಾ ದ್ರವ) ಬೆರೆಸಿ ಅಲುಗಾಡಿಸಿದರೆ, ಸೋಂಕಿದ್ದ ಕೋಳಿಯದಾದರೆ ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಮೊಸರೊಡೆದಂತೆ ಕಣಗಳು ಕಟ್ಟುತ್ತವೆ. ದುಬೈನ ಆ ಹೇಂಟೆಯ ರಕ್ತವನ್ನು ನಾನು ಎಲ್ಲಿಂದ ತರಲಿ? ಆದ್ದರಿಂದಲೇ ಪ್ರಮಾಣಪತ್ರವನ್ನು ಕಳುಹಿಸುವ ದೇಶದ ಸರ್ಕಾರಿ ಪಶುವೈದ್ಯರೇ ಕೊಡಬೇಕು, ಅದೂ ನಮ್ಮ ದೇಶ ವಿಧಿಸಿದ ಷರತ್ತಿನಂತೆ.

‘ಹಾಗಾದರೆ ಆಮ್ಲೆಟ್ಟಾದರೂ ಮಾಡಬಹುದಾ ಸಾರ್?’ ಎಂದ ಹುಡುಗ. ಅದೂ ಬೇಡ, ಸಂಗರೋಧದ (ಕ್ವಾರಂಟೈನ್) ಅಧಿಕಾರಿಗಳಿಗೆ ತಿಳಿಸು ಎಂದೆ. ಅವನ ಮುಖ ನೋಡಿ ನನಗೂ ಕನಿಕರವಾಯಿತು.

ಕೇಂದ್ರ ಪಶುಸಂಗೋಪನಾ ಇಲಾಖೆಯ ಪೂರ್ವಾನುಮತಿ ಕೈಗೆ ಬರುವ ಮುನ್ನ ಮಾರುವವನಿಗೆ ಮುಂಗಡ ಕೊಡಬೇಡಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಲಕ್ಷಾಂತರ ಕೋಳಿಗಳನ್ನು ಕೊಲ್ಲಬೇಕಾಯಿತು. ಮಾರುವವನ ದೇಶದಲ್ಲಿ ಅಂಥದ್ದೊಂದು ಸುದ್ದಿ ಹುಟ್ಟಿದರೆ ನಿಮ್ಮ ಸರಕು ಅಲ್ಲೇ ನಿಲ್ಲಬಹುದು. ಬೆಂಗಳೂರಿನ ಸಂಗರೋಧ ಕೇಂದ್ರದವರನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ, ಷರತ್ತುಗಳು ಬದಲಾಗುತ್ತಿರುತ್ತವೆ.

ಒಂದು ದಿನದ ಮರಿಯಾದರೆ ಹೊಟ್ಟೆಯಲ್ಲುಳಿದ ಭಂಡಾರದ ಬಲದಿಂದ ಎರಡು ಮೂರು ದಿನದ ಪ್ರಯಾಣ ತಾಳಿಕೊಳ್ಳುತ್ತದೆ. ಮೊಟ್ಟೆಗೆ ಸುಮಾರು 15ರಿಂದ 18 ಡಿಗ್ರಿಯ ತಂಪು ಬೇಕು, ಹಾಗಿಟ್ಟರೂ ವಾರ ಕಳೆದ ಮೇಲೆ ಮರಿಯಾಗುವ ಪ್ರಮಾಣ ಇಳಿಯುತ್ತಾ ಹೋಗುತ್ತದೆ. ಹೀಗಾಗಿ ಕಾಗದಪತ್ರ ಸಿದ್ಧವಾದ ಮೇಲೆಯೇ ಅಲ್ಲಿ ಮೊಟ್ಟೆ ಆಯಲು ಹೇಳಿ, ಇಲ್ಲಿಗೆ ಬಂದ ಮೇಲೆ ದಪ್ಪ ತುದಿ ಮೇಲಿರುವಂತೆ ಒಂದು ದಿನ ಅಲುಗದೆ ಬಿಟ್ಟು, ಅನಂತರ ಕಾವಿಗಿಡಿ.